ಲೆಕ್ಕಕ್ಕೆ ಸಿಗದ ಸೇವ್

ಪೊನ್ನಂಪೇಟೆ. 2024ರ ಆಗಸ್ಟ್ 4, ಭಾನುವಾರ, ಮಧ್ಯಾಹ್ನ ಒಂದೂ ಇಪ್ಪತ್ತು. ಕಕ್ಕಡ ತಿಂಗಳ ಮಳೆ ಹೆಂಚಿನ ಮೇಲೆ ಬೀಳುವ ಆರ್ಭಟಕ್ಕೆ ಟೀವಿ ಎಷ್ಟು ಜೋರಾಗಿಟ್ಟರೂ ಸಾಲುತ್ತಿಲ್ಲ. ಬಾಗಿಲಲ್ಲಿ ಕೊಡೆಗಳ ರಾಶಿ, ಪಕ್ಕದಲ್ಲಿ ತೋಟದ ಕೆಸರು ಮೆತ್ತಿದ ಗಂಬೂಟು. ನೀವು ಕಾಲೊರೆಸಿಕೊಂಡು ಒಳಗೆ ಬರುವಷ್ಟರಲ್ಲಿ ಮನೆಯ ಅತ್ತೆ ಕೈಗೊಂದು ಬಟ್ಟಲು ಕೊಡುತ್ತಾರೆ. ನೇರಳೆ ಬಣ್ಣದ ಮದ್ದುಪಾಯಸ. ನಿನ್ನೆ ಕಕ್ಕಡ ಹದಿನೆಂಟು. ಮದ್ದುಸೊಪ್ಪಿಗೆ ಹದಿನೆಂಟು ಬಗೆಯ ಔಷಧಿಗುಣ ಬರುವುದು ಅವತ್ತೇ ಎಂದು ಕೊಡಗಿನವರ ನಂಬಿಕೆ.

"ನಿನ್ನೇದೇ, ಬಿಸಿ ಮಾಡಿದೀನಿ. ನಾಳೆ ಬೆಳಿಗ್ಗೆ ಕೆಂಪಗೆ ಹೋದ್ರೆ ಹೆದರ್ಕೋಬೇಡಿ" ಎಂದು ನಗುತ್ತಾರೆ.

ಬೆಳಿಗ್ಗೆಯಿಂದ ಈ ಟೀವಿಯಲ್ಲಿ ಬೇರೆಯದೇ ಸುದ್ದಿ ಓಡುತ್ತಿತ್ತು. ಕುಟ್ಟದಾಚೆ ವಯನಾಡಿನಲ್ಲಿ ಗುಡ್ಡ ಕುಸಿದು ಇನ್ನೂ ವಾರವಾಗಿಲ್ಲ. ಚಾನೆಲ್ ಬದಲಿಸಿದಾಗ ಯಾರೂ ಏನೂ ಅನ್ನಲಿಲ್ಲ. ಈಗ ಪರದೆ ಮೇಲೆ ಪ್ಯಾರಿಸ್ ಪಕ್ಕದ ಕೊಲೊಂಬ್‌ನ ಕ್ರೀಡಾಂಗಣ. ಒಲಿಂಪಿಕ್ ಹಾಕಿ ಕ್ವಾರ್ಟರ್ ಫೈನಲ್, ಭಾರತಕ್ಕೆ ಎದುರು ಗ್ರೇಟ್ ಬ್ರಿಟನ್. ಎರಡು ದಿನದ ಹಿಂದೆ ಇದೇ ತಂಡ ಆಸ್ಟ್ರೇಲಿಯಾವನ್ನು 3–2ರಿಂದ ಸೋಲಿಸಿದೆ. 1972ರಿಂದ ಒಲಿಂಪಿಕ್ಸ್‌ನಲ್ಲಿ ಆಗದೇ ಇದ್ದದ್ದು ಅದು. ಹಾಗಾಗಿ ಕೋಣೆ ತುಂಬ ಜನ.

ಇವತ್ತು ಸೋತರೆ ಭಾರತದ ಗೋಲ್‌ಕೀಪರ್ ಪಿ.ಆರ್. ಶ್ರೀಜೇಶ್‌ಗೆ ಇದೇ ಕೊನೆಯ ಪಂದ್ಯ. ವಯಸ್ಸು 36, ನಾಲ್ಕನೇ ಒಲಿಂಪಿಕ್ಸ್. ಪ್ಯಾರಿಸ್ ಮುಗಿದ ಮೇಲೆ ಪ್ಯಾಡ್ ಕಟ್ಟುವುದಿಲ್ಲ ಎಂದು ಜುಲೈ 22ರಂದೇ ಹೇಳಿಬಿಟ್ಟಿದ್ದಾರೆ. ಆವತ್ತಿನಿಂದ ಈ ಮನೆಯಲ್ಲಿ ಒಂದೇ ಜಗಳ.

ಜಗಳ ತೆಗೆಯುವವನು ಮನೆಯ ಅಳಿಯ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ, ಕಕ್ಕಡಕ್ಕೆಂದು ರಜೆ ಹಾಕಿ ಬಂದವನು. ಕಾಲು ಮಡಚಿ ಸೋಫಾದ ಮೇಲೆ ಕೂತು ಫೋನು ಒತ್ತುತ್ತಿದ್ದಾನೆ. "ದೊಡ್ಡ ಆಟಗಾರ, ಇಲ್ಲ ಅನ್ನಲ್ಲ. ನಮ್ಮ ದೇಶದ ಮಟ್ಟಿಗೆ ಸರಿ. ಜಗತ್ತಿನ ಮೊದಲ ಸಾಲಿನ ಗೋಲಿ ಅಂದ್ರೆ ಮಾತ್ರ ನಾನು ಒಪ್ಪಲ್ಲ" ಎನ್ನುತ್ತಾನೆ.

"ನೀನು ಒಪ್ಪಲಿ ಅಂತ ಅವನು ಕಾಯ್ತಾ ಇದಾನೆ ನೋಡು" ಎನ್ನುತ್ತಾರೆ ಮಾವ.

ಗೋಡೆ ಪಕ್ಕದ ಬೆತ್ತದ ಕುರ್ಚಿಯಲ್ಲಿ ಪಿ.ಟಿ. ಮೇಷ್ಟ್ರು. ನಿವೃತ್ತರಾಗಿ ವರ್ಷಗಳಾದವು, ಟರ್ಫಿನ ಕಡೆ ಹೋಗುವುದು ಬಿಟ್ಟಿಲ್ಲ. ಅವರ ಬಲಗೈ ಕಿರುಬೆರಳು ನೆಟ್ಟಗಾಗುವುದಿಲ್ಲ. ಒಂದು ಕಾಲಕ್ಕೆ ಗೋಲಿನಲ್ಲಿ ನಿಂತದ್ದರ ಗುರುತು. ಅವರ ಕಾಲ ಬಳಿ ಚಾಪೆ ಮೇಲೆ ಕೂತಿರುವ ಹುಡುಗಿ ಈಗ ಗೋಲಿನಲ್ಲಿ ನಿಲ್ಲುತ್ತಾಳೆ. ಇಲ್ಲಿನ ಕ್ರೀಡಾ ಹಾಸ್ಟೆಲ್ಲಿನವಳು, ಹತ್ತನೇ ಕ್ಲಾಸು. ಕೊಡಗಿನಲ್ಲಿ ಗೋಲಿಗಳು ಕಡಿಮೆ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬ ಈ ಏಪ್ರಿಲ್‌ನಲ್ಲಿ ನಾಪೋಕ್ಲುವಿನಲ್ಲಿ 360 ತಂಡಗಳೊಂದಿಗೆ ಗಿನ್ನೆಸ್ ದಾಖಲೆ ಸೇರಿತು. ಅಷ್ಟು ತಂಡಗಳಿದ್ದರೂ ಓಡಲಾಗದ ಚಿಕ್ಕಪ್ಪನನ್ನು ಹಿಡಿದು ಗೋಲಿನಲ್ಲಿ ನಿಲ್ಲಿಸುವ ಪದ್ಧತಿ ಇನ್ನೂ ಹೋಗಿಲ್ಲ.

ಸೀಟಿ ಊದಿತು.

ಮೊದಲ ಹದಿನೈದು ನಿಮಿಷದಲ್ಲೇ ಬ್ರಿಟನ್‌ಗೆ ಪೆನಾಲ್ಟಿ ಕಾರ್ನರ್. ಕೋಣೆ ಗಪ್‌ಚುಪ್. ಗೋಲುಗೆರೆಯ ಹಿಂದೆ ಐವರು: ಶ್ರೀಜೇಶ್, ಜತೆಗೆ ಮುಖಕವಚ ತೊಟ್ಟ ನಾಲ್ವರು. ಗೋಲಿನ ಪಕ್ಕದಲ್ಲಿ ಹಿಂದಿನ ಗೆರೆಯಿಂದ ಚೆಂಡು ಹೊರಟ ಕ್ಷಣವೇ ಅಮಿತ್ ರೋಹಿದಾಸ್ ಬಾಣದಂತೆ ಹಾರಿ, ಹೊಡೆಯಲು ನಿಂತವನ ಸ್ಟಿಕ್ಕಿಗೇ ನುಗ್ಗುತ್ತಾರೆ. ಫಸ್ಟ್ ರಷರ್ ಎಂದರೆ ಅದೇ ಕೆಲಸ, ಬರುವ ಚೆಂಡಿಗೆ ಮೈಯೊಡ್ಡುವುದು. ಚೆಂಡು ಹೊರಹೋಯಿತು. ಎಲ್ಲರೂ ಉಸಿರು ಬಿಟ್ಟರು.

"ಇಲ್ಲಿ ಶ್ರೀಜೇಶ್ ಏನು ಮಾಡಿದ?" ಅಳಿಯ ಕೇಳಿದ. "ಓಡಿದ್ದು ರೋಹಿದಾಸ್."

ಮೇಷ್ಟ್ರು ಉತ್ತರ ಕೊಡಲಿಲ್ಲ. ಹುಡುಗಿ ಮಾತ್ರ ಪರದೆಯ ಕಡೆ ಬೆರಳು ತೋರಿಸಿದಳು. "ಎಡಗೈ ನೋಡಿ ಅಣ್ಣ. ಯಾರು ಎಲ್ಲಿ ನಿಲ್ಬೇಕು ಅಂತ ತೋರಿಸ್ತಾ ಇದಾರೆ."

ಹೆಲ್ಮೆಟ್ಟಿನೊಳಗಿನ ಬಾಯಿ ಕಾಣುವುದಿಲ್ಲ. ಎಡಗೈಯ ದಪ್ಪ ಕವಚ ಮಾತ್ರ ಸುಮ್ಮನಿಲ್ಲ. ಚೆಂಡು ಮೈದಾನದ ಆಚೆ ತುದಿಯಲ್ಲಿದ್ದಾಗಲೂ ಅದು ಒಬ್ಬನನ್ನು ಕರೆಯುತ್ತಿದೆ, ಇನ್ನೊಬ್ಬನನ್ನು ಆಚೆ ಸರಿಸುತ್ತಿದೆ.

ಹದಿನೇಳನೇ ನಿಮಿಷ. ರೋಹಿದಾಸ್ ಚೆಂಡಿನೊಂದಿಗೆ ತಿರುಗುವಾಗ ಸ್ಟಿಕ್ಕು ವಿಲ್ ಕ್ಯಾಲ್ನನ್ ಮುಖಕ್ಕೆ ತಗುಲಿದೆ. ವಿಡಿಯೋ ಅಂಪೈರ್ ಮತ್ತೆ ಮತ್ತೆ ನೋಡುತ್ತಾರೆ. ಮಾವ ಎದ್ದು ನಿಂತರು. "ಬೇಕಂತ ಹೊಡೆದಿಲ್ಲ ಮಾರಾಯ, ಹಳದಿ ಕೊಡಿ ಸಾಕು!" ಅಂಪೈರ್ ಜೇಬಿನಿಂದ ಬಂದದ್ದು ಕೆಂಪು ಕಾರ್ಡು.

ಯಾರಿಗೂ ಮಾತು ಹೊರಡಲಿಲ್ಲ. ಹಳದಿಯಾದರೆ ಕೆಲವು ನಿಮಿಷ ಹೊರಗೆ ಕೂತು ಬರಬಹುದು. ಕೆಂಪಾದರೆ ಮುಗಿಯಿತು. ಉಳಿದ 43 ನಿಮಿಷ ಹತ್ತೇ ಜನ. ಹೋದದ್ದು ಯಾರೋ ಒಬ್ಬನಲ್ಲ, ಫಸ್ಟ್ ರಷರ್ರೇ. ಇನ್ನು ಮುಂದೆ ಬರುವ ಪ್ರತಿ ಪೆನಾಲ್ಟಿ ಕಾರ್ನರಿನ ಹೊರೆ ಒಂದು ಪಾಲು ಹೆಚ್ಚಾಗಿ ಹಿಂದೆ ನಿಂತವನ ಮೇಲೆ ಬೀಳುತ್ತದೆ.

"ಈಗ ಗೊತ್ತಾಗುತ್ತೆ" ಎಂದರು ಮೇಷ್ಟ್ರು. ಮೊದಲ ಸಲ ಬಾಯಿ ತೆಗೆದದ್ದು.

22ನೇ ನಿಮಿಷದಲ್ಲಿ ಭಾರತಕ್ಕೂ ಪೆನಾಲ್ಟಿ ಕಾರ್ನರ್. ಹರ್ಮನ್‌ಪ್ರೀತ್ ಸಿಂಗ್ ಹೊಡೆದ ಚೆಂಡು ಬಲೆಯಲ್ಲಿ. ಮನೆಯಿಡೀ ಕೂಗು, ಅಡುಗೆಮನೆಯಿಂದ ಅತ್ತೆ ಸೌಟು ಹಿಡಿದುಕೊಂಡೇ ಓಡಿ ಬಂದರು. ಐದೇ ನಿಮಿಷ. ಗೋಲಿನ ಮುಂದೆ ಗಲಿಬಿಲಿ, ಲೀ ಮಾರ್ಟನ್ ಹತ್ತಿರದಿಂದ ಚೆಂಡನ್ನು ಒಳಗೆ ದೂಡಿದ. 1–1.

"ನೋಡಿ" ಎಂದು ಅಳಿಯ ಫೋನನ್ನು ಮೇಲೆತ್ತಿದ, ನ್ಯಾಯಾಲಯದಲ್ಲಿ ಸಾಕ್ಷಿ ಹಾಜರುಪಡಿಸುವವನ ಹಾಗೆ. ವಿರಾಮದ ಸೀಟಿ ಊದುವುದಕ್ಕೇ ಕಾಯುತ್ತಿದ್ದನೆನ್ನಿ.

ಅವನ ಆರೋಪಪಟ್ಟಿ ಚಿಕ್ಕದೇನಲ್ಲ. 2018ರ ಜಕಾರ್ತ ಏಷ್ಯನ್ ಗೇಮ್ಸ್: ಸೆಮಿಫೈನಲ್‌ನಲ್ಲಿ ಮಲೇಷ್ಯಾ ಎದುರು ಶೂಟೌಟ್‌ನಲ್ಲಿ ಸೋಲು. 2023ರ ವಿಶ್ವಕಪ್, ಅದೂ ಭುವನೇಶ್ವರದಲ್ಲೇ: ನ್ಯೂಜಿಲೆಂಡ್ ಎದುರು ಮತ್ತೆ ಶೂಟೌಟ್, ಮತ್ತೆ ಸೋಲು. "ಇಷ್ಟು ವರ್ಷ ಆಡಿ ಒಂದು ವಿಶ್ವಕಪ್ ಸೆಮಿಫೈನಲ್ ಇಲ್ಲ. ಬೆಲ್ಜಿಯಂನ ವಿನ್ಸೆಂಟ್ ವಾನಾಶ್‌ನ ನೋಡಿ. 2018ರ ವಿಶ್ವಕಪ್ ಫೈನಲ್ ಶೂಟೌಟ್‌ನಲ್ಲಿ ಗೆಲ್ಲಿಸಿದ. ಟೋಕಿಯೋ ಒಲಿಂಪಿಕ್ಸ್ ಫೈನಲ್ಲೂ ಶೂಟೌಟ್‌ನಲ್ಲೇ ಗೆಲ್ಲಿಸಿದ. ಮೊದಲ ಸಾಲು ಅಂದ್ರೆ ಅದು."

"ನ್ಯೂಜಿಲೆಂಡ್ ಮ್ಯಾಚಲ್ಲಿ ಶೂಟೌಟ್ ನಡುವೆ ಅವರಿಗೆ ಪೆಟ್ಟಾಯ್ತು ಅಣ್ಣ, ಆಮೇಲೆ ನಿಂತಿದ್ದು ಬದಲಿ ಗೋಲಿ ಪಾಠಕ್" ಎಂದಳು ಹುಡುಗಿ ಮೆಲ್ಲಗೆ.

"ಅಂತರರಾಷ್ಟ್ರೀಯ ಫೆಡರೇಷನ್ನಿನವರು 2021ರಲ್ಲಿ, 2022ರಲ್ಲಿ ವರ್ಷದ ಗೋಲಿ ಅಂತ ಅವನನ್ನೇ ಆರಿಸಲಿಲ್ವಾ?" ಮಾವನ ಪಾಟೀಸವಾಲು.

"ಅದು ವೋಟಿನ ಪ್ರಶಸ್ತಿ ಮಾವ. ಅಭಿಮಾನಿಗಳ ವೋಟೂ ಸೇರುತ್ತೆ. 2021ರಲ್ಲಿ ಎಂಟಕ್ಕೆ ಎಂಟೂ ಪ್ರಶಸ್ತಿ ಭಾರತಕ್ಕೇ ಬಂತು. ಒಲಿಂಪಿಕ್ ಚಿನ್ನ ಗೆದ್ದ ಬೆಲ್ಜಿಯಂಗೆ ಒಂದೂ ಇಲ್ಲ. ಅವರ ಹಾಕಿ ಸಂಸ್ಥೆ ಬಹಿರಂಗವಾಗೇ ಬೇಜಾರು ಹೇಳಿಕೊಳ್ತು. ನಾವು ಎಷ್ಟು ಕೋಟಿ ಜನ ಇದೀವಿ, ನೀವೇ ಯೋಚ್ನೆ ಮಾಡಿ."

ಮಾವನಿಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಅವರು ಟೋಕಿಯೋಗೆ ಹಾರಿದರು. 2021ರ ಆಗಸ್ಟ್ 5, ಕಂಚಿನ ಪಂದ್ಯ, ಜರ್ಮನಿ ಎದುರು 5–4. ಕೊನೆಯ ಕೆಲವೇ ಸೆಕೆಂಡು ಉಳಿದಾಗ ಜರ್ಮನಿಗೆ ಪೆನಾಲ್ಟಿ ಕಾರ್ನರ್, ಶ್ರೀಜೇಶ್ ತಡೆದರು, 41 ವರ್ಷದ ಮೇಲೆ ಪದಕ. ಈ ಕತೆಯನ್ನು ಇಲ್ಲಿರುವ ಎಲ್ಲರೂ ಬಲ್ಲರು. ಆದರೂ ಪೂರ್ತಿ ಕೇಳಿಸಿಕೊಂಡರು.

"ಅದೇ ಟೋಕಿಯೋದಲ್ಲಿ ಆಸ್ಟ್ರೇಲಿಯಾ ಏಳು ಗೋಲು ಹೊಡೀತಲ್ಲ?" ಅಳಿಯ ಬಿಡಲಿಲ್ಲ. "7–1. ಆವತ್ತೂ ಇವನೇ ನಿಂತಿದ್ದ."

ಈಗ ಮೇಷ್ಟ್ರು ಕುರ್ಚಿಯಲ್ಲಿ ಮುಂದಕ್ಕೆ ಬಂದರು. "ಏಳು ಅಂದೆ, ಒಳ್ಳೇದಾಯ್ತು. 1982, ದಿಲ್ಲಿ ಏಷ್ಯಾಡ್ ಫೈನಲ್. ಪಾಕಿಸ್ತಾನ ಏಳು, ನಾವು ಒಂದು. ಗೋಲಲ್ಲಿ ಮೀರ್ ರಂಜನ್ ನೇಗಿ. ಮುಂದಿನ ಹತ್ತು ಜನ ಏನು ಮಾಡ್ತಾ ಇದ್ರು ಅಂತ ಯಾರೂ ಕೇಳಲಿಲ್ಲ. ದೇಶಾನೇ ಮಾರಿಬಿಟ್ಟ ಅಂದ್ರು, ಅವನ ಬಾಳೇ ಹಾಳಾಯ್ತು. ಇವನು ಏಳು ತಿಂದ. ಎರಡು ವಾರ ಆಗೋದ್ರೊಳಗೆ ಕಂಚು ತಂದ. ಗೋಲಿ ಅನ್ನೋನಿಗೆ ಮರೆವು ಬೇಕು, ಅದು ಎಲ್ಲರಿಗೂ ಬರಲ್ಲ."

"ಮತ್ತೆ ಹಳಬರು? ಶಂಕರ್ ಲಕ್ಷ್ಮಣ್?"

"ಬಾ, ಅವನನ್ನೇ ತಗೋ. 1956 ಮೆಲ್ಬರ್ನ್. ಭಾರತ ಇಡೀ ಒಲಿಂಪಿಕ್ಸ್‌ನಲ್ಲಿ ಒಂದೇ ಒಂದು ಗೋಲೂ ಬಿಟ್ಟುಕೊಡಲಿಲ್ಲ. ನಿನ್ನ ಲೆಕ್ಕದಲ್ಲಿ ಅವನಿಗಿಂತ ದೊಡ್ಡವನಿಲ್ಲ. ಆದರೆ ಆ ಕಾಲದ ಭಾರತದ ಎದುರು ಗೋಲಿನ ಮುಂದಿನ ಡಿ ಒಳಗೆ ಬಂದವರೇ ಎಷ್ಟು ಜನ? ಮುಂದೆ 1964ರ ಟೋಕಿಯೋ ಫೈನಲ್‌ನಲ್ಲಿ ಪಾಕಿಸ್ತಾನದ ಎದುರು ಒಂದು ಗೋಲಿನ ಗೆಲುವು, ಅಲ್ಲೂ ಅವನೇ. ನಾನಾದ್ರೆ ಅವನ ಹೆಸರನ್ನ ಆ ಒಂದು ಮ್ಯಾಚಿಗೆ ಬರೀತೀನಿ, ಮೆಲ್ಬರ್ನಿನ ಸೊನ್ನೆಗೆ ಬರೆಯಲ್ಲ."

ಮಾತು ಹೀಗೇ ಮನೆಯ ಕಡೆ ತಿರುಗಿತು. 1996ರ ಅಟ್ಲಾಂಟಾದಲ್ಲಿ ಆಡಿದ ನಮ್ಮ ಎ.ಬಿ. ಸುಬ್ಬಯ್ಯ, 1998ರ ಬ್ಯಾಂಕಾಕ್ ಫೈನಲ್‌ನಲ್ಲಿ ಕೊರಿಯಾದ ಟೈಬ್ರೇಕರ್ ತಡೆದು, 32 ವರ್ಷದ ಮೇಲೆ ಏಷ್ಯಾಡ್ ಚಿನ್ನ ತಂದ ಬೆಂಗಳೂರಿನ ಆಶಿಶ್ ಬಲ್ಲಾಳ್. ಮುಂದಿನ ಚಿನ್ನಕ್ಕೆ ಹದಿನಾರು ವರ್ಷ ಕಾಯಬೇಕಾಯಿತು. 2014ರ ಇಂಚಿಯಾನ್, ಎದುರು ಪಾಕಿಸ್ತಾನ, ಶೂಟೌಟ್‌ನಲ್ಲಿ ಎರಡು ತಡೆದದ್ದು ಇದೇ ಶ್ರೀಜೇಶ್.

"ಅಂದ್ರೆ ಲೆಕ್ಕ ಬೇಡ ಅಂತೀರಾ ಸರ್?" ಅಳಿಯನ ದನಿಯಲ್ಲಿ ಈಗ ಕುತೂಹಲವೂ ಇದೆ.

ಮೇಷ್ಟ್ರು ಎದ್ದರು. ಬಾಗಿಲ ಚೌಕಟ್ಟಿನಲ್ಲಿ, ಹೊಸ್ತಿಲ ಮೇಲೆ, ಹೊರಗಿನ ಬೆಳಕಿಗೆ ಬೆನ್ನು ಮಾಡಿ ನಿಂತರು. "ಗೋಲು ಹನ್ನೆರಡು ಅಡಿ ಅಗಲ, ಏಳು ಅಡಿ ಎತ್ತರ. ಸದ್ಯಕ್ಕೆ ಈ ಬಾಗಿಲೇ ಗೋಲು ಅನ್ಕೋ. ಅಲ್ಲೇ ಕೂತು ಒಂದು ಕಣ್ಣು ಮುಚ್ಚಿ ನೋಡು. ನನ್ನ ಅಕ್ಕಪಕ್ಕ ಎಷ್ಟು ಬೆಳಕು ಕಾಣುತ್ತೆ?"

"ಎರಡೂ ಕಡೆ ಒಂದೊಂದು ಗೇಣು. ಮೇಲೂ ಇದೆ."

ಮೇಷ್ಟ್ರು ಒಂದು ಹೆಜ್ಜೆ ಮುಂದೆ ಬಂದರು. ಇನ್ನೊಂದು. ಮೊಣಕಾಲು ಬಗ್ಗಿಸಿ ಕೈ ಅಗಲಿಸಿದರು. ಕಿರುಬೆರಳು ಡೊಂಕಾಗಿಯೇ ನಿಂತಿತು. "ಈಗ?"

ನೀವೂ ಒಂದು ಕಣ್ಣು ಮುಚ್ಚಿದ್ದೀರಿ. ಬಾಗಿಲು ಎಲ್ಲಿಗೂ ಹೋಗಿಲ್ಲ, ಆದರೆ ಬೆಳಕು ಹೋಗಿದೆ. ಮುಂದೆ ಇರುವುದು ಬರೀ ಮೇಷ್ಟ್ರು.

"ಈಗ ನೀನು ಹೊಡೆಯೋನು. ನನ್ನ ಮೇಲಿಂದ ಎತ್ತಬೇಕು, ಇಲ್ಲ ನನ್ನ ಸುತ್ತಿ ಹೋಗಬೇಕು. ಎತ್ತಿದ್ರೆ ಹೊರಗೆ ಹೋಗಬಹುದು. ಸುತ್ತಿದ್ರೆ ಸಮಯ ಸಾಲದೇ ಹೋಗಬಹುದು. ಹೊರಗೆ ಹೋದ್ರೆ ಪೇಪರಿನವರು ಏನು ಬರೀತಾರೆ? ಗುರಿ ತಪ್ಪಿದ ಅಂತ. ಗೋಲಿ ಹೆಸರು ಅದರಲ್ಲಿ ಬರಲ್ಲ."

"ಸಾರ್, ಮ್ಯಾಚ್" ಎಂದಳು ಹುಡುಗಿ.

ಮೂರನೇ ಕ್ವಾರ್ಟರ್ ಪೂರ್ತಿ ಭಾರತದ ಅರ್ಧದಲ್ಲೇ ನಡೆಯಿತು. ಹತ್ತು ಮಂದಿ ಡಿ ಸುತ್ತ ಗೋಡೆ ಕಟ್ಟಿದ್ದಾರೆ. ಬ್ರಿಟನ್ನಿನವರು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಚೆಂಡು ಸಾಗಿಸುತ್ತ ಬಿರುಕು ಹುಡುಕುತ್ತಾರೆ. ಒಂದು ಚೆಂಡು ಪ್ಯಾಡಿಗೆ ಬಡಿದು ಹೊರಚಿಮ್ಮಿತು. ಇನ್ನೊಂದಕ್ಕೆ ಶ್ರೀಜೇಶ್ ಉದ್ದಕ್ಕೆ ಬಿದ್ದರು. ಬಿದ್ದವರು ಏಳುವ ಮೊದಲೇ ಎಡಗೈ ಎದ್ದಿದೆ, ಆ ಕಡೆ, ಆ ಕಡೆ ಎಂದು. ಚಾಪೆ ಮೇಲಿನ ಹುಡುಗಿಯ ಕಾಲು ತನ್ನಷ್ಟಕ್ಕೆ ಆಡುತ್ತಿದೆ. ಚೆಂಡು ಎಡಕ್ಕೆ ಬಂದರೆ ಎಡ ಹಿಮ್ಮಡಿ ಹೊರಳುತ್ತದೆ, ಬಲಕ್ಕೆ ಬಂದರೆ ಬಲ ಮೊಣಕಾಲು ಮಡಚುತ್ತದೆ. ಅವಳಿಗೇ ಅದರ ಅರಿವಿಲ್ಲ.

ಅಳಿಯ ಮೊದಮೊದಲು ಬ್ರಿಟನ್ನಿನ ಹೊಡೆತ ಎಣಿಸುತ್ತಿದ್ದ. ಈಗ ಫೋನು ಸೋಫಾದ ಮೇಲೆ ಮಗುಚಿ ಬಿದ್ದಿದೆ.

ಕೊನೆಯ ಕ್ವಾರ್ಟರ್. ಮಳೆ ಒಮ್ಮೆಲೇ ಜೋರಾಯಿತು. ಪರದೆ ಚೂರುಚೂರಾಗಿ ಒಡೆದು ನೀಲಿಗೆ ತಿರುಗಿತು. ಸಿಗ್ನಲ್ ಇಲ್ಲ.

"ಛತ್ರಿ ಹಿಡ್ಕೊಂಡು ಹೋಗಿ ಡಿಶ್ ಒರೆಸ್ಲಾ?" ಎಂದು ಕೇಳಿದ ಮಾವನನ್ನು ಅತ್ತೆ ಬರೀ ನೋಟದಲ್ಲೇ ಕೂರಿಸಿದರು. ಅಳಿಯ ಫೋನಿನಲ್ಲಿ ಲೈವ್ ಹಾಕಿ, ಟೀಪಾಯಿ ಮೇಲೆ ನೀರಿನ ಚೊಂಬಿಗೆ ಒರಗಿಸಿದ. ಹತ್ತು ತಲೆ ಒಂದು ಅಂಗೈಯಗಲದ ಪರದೆಗೆ ಬಾಗಿದವು. ಆಗ ಗೊತ್ತಾದದ್ದು, ಫೋನು ಹಿಂದಿದೆ. ಎದುರುಮನೆಯಲ್ಲಿ ಕೇಬಲ್ಲು. ಅವರು ಈಗ ಕೂಗಿದ್ದು ನಮಗೆ ಅರ್ಧ ನಿಮಿಷದ ಮೇಲೆ ಕಾಣುತ್ತದೆ.

ಗಡಿಯಾರ ಮುಗಿಯಿತು. 1–1. ಹತ್ತು ಜನ 43 ನಿಮಿಷ ತಳ್ಳಿದರು. ಇನ್ನು ಶೂಟೌಟ್: 23 ಮೀಟರ್ ಗೆರೆಯಿಂದ ಒಬ್ಬ ಓಡಿ ಬರಬೇಕು, ಎದುರಿಗೆ ಗೋಲಿಯೊಬ್ಬನೇ, ಎಂಟೇ ಸೆಕೆಂಡು.

ಮೊದಲು ಬ್ರಿಟನ್. ಎದುರುಮನೆಯಿಂದ ಸದ್ದೇ ಇಲ್ಲ. ನಮಗೆ ಅರ್ಥವಾಯಿತು. ಫೋನಿನಲ್ಲಿ ಜೇಮ್ಸ್ ಆಲ್ಬರಿ ಗೋಲು ಹೊಡೆದ. ಎದುರುಮನೆಯಿಂದ ಕೂಗು: ಹರ್ಮನ್‌ಪ್ರೀತ್ ಹೊಡೆದರು. ಮತ್ತೆ ಮೌನ: ಝ್ಯಾಕ್ ವಾಲೇಸ್. ಮತ್ತೆ ಕೂಗು: ಸುಖ್‌ಜೀತ್. 2–2. ಅತ್ತೆ ಕಿಟಕಿ ಮುಚ್ಚಲು ಹೋದರು. "ಬೇಡ, ಬೇಡ!" ಎಂದು ಎಲ್ಲರೂ ತಡೆದರು. ಈ ಹಿಂಸೆಯೂ ಬೇಕು.

ಮೂರನೆಯದು, ಕಾನರ್ ವಿಲಿಯಮ್ಸನ್. ಫೋನಿನಲ್ಲಿ ಅವನಿನ್ನೂ ಚೆಂಡು ಇಟ್ಟುಕೊಳ್ಳುತ್ತಿದ್ದಾನೆ. ಅಷ್ಟರಲ್ಲಿ ಎದುರುಮನೆ ಹಾರಿಹೋಗುವಂಥ ಕೂಗು.

ಬ್ರಿಟನ್ನಿನ ಸರದಿಗೆ ಎದುರುಮನೆ ಕೂಗಿತೆಂದರೆ ಗೋಲು ಆಗಿಲ್ಲ. ಹೇಗೆ ಆಗಲಿಲ್ಲ ಎಂಬುದು ಮಾತ್ರ ಗೊತ್ತಿಲ್ಲ. ಫಲ ಗೊತ್ತಿರುವುದರಿಂದ ಒಂದು ಅನುಕೂಲವಾಯಿತು. ಯಾರೂ ಚೆಂಡು ನೋಡಲಿಲ್ಲ. ಹತ್ತು ಜೊತೆ ಕಣ್ಣು ಗೋಲಿಯ ಮೇಲೆ.

ಸೀಟಿ. ಶ್ರೀಜೇಶ್ ಗೆರೆ ಬಿಟ್ಟು ಹೊರಟಿದ್ದಾರೆ. ಧಾವಂತವಿಲ್ಲ. ಮೈ ತಗ್ಗಿಸಿ, ಕೈ ಅಗಲಿಸಿ, ಎದುರಿನವನ ಮೇಲೇ ಬರುತ್ತಿದ್ದಾರೆ. ಬಿದ್ದುಬಿಡುವುದಿಲ್ಲ, ಕಾಲ ಮೇಲೇ ಇದ್ದಾರೆ. ವಿಲಿಯಮ್ಸನ್ ಹೊಡೆಯುತ್ತಾನೆ. ಚೆಂಡು ಗುರಿ ತಪ್ಪಿ ಹೊರಗೆ.

"ಮಿಸ್ ಮಾಡಿದ!" ಎಂದು ಕೂಗಿದ ಅಳಿಯ. ಕೂಗಿದವನು ತಾನೇ ತಡವರಿಸಿ, ಬಾಗಿಲ ಕಡೆ ತಿರುಗಿ ನೋಡಿದ. ಮೇಷ್ಟ್ರು ನಿಂತಿದ್ದ ಹೊಸ್ತಿಲು. ಮತ್ತೆ ಫೋನಿನ ಕಡೆ ತಿರುಗಿದ. ಮೇಷ್ಟ್ರು ಏನೂ ಹೇಳಲಿಲ್ಲ, ಹೇಳುವ ಅಗತ್ಯವೂ ಬೀಳಲಿಲ್ಲ.

ಲಲಿತ್ ಉಪಾಧ್ಯಾಯ ಗೋಲು. 3–2. ನಾಲ್ಕನೆಯದು ಫಿಲ್ ರೋಪರ್. ಎದುರುಮನೆ ಮತ್ತೆ ಕೂಗಿತು, ಈ ಸಲ ತಟ್ಟೆ ಬಡಿದ ಸದ್ದೂ ಸೇರಿತ್ತು. ಅರ್ಧ ನಿಮಿಷದ ಮೇಲೆ ನಾವೂ ಕಂಡೆವು: ಇದನ್ನು ಶ್ರೀಜೇಶ್ ತಡೆದರು, ಸಂಶಯಕ್ಕೆ ಎಡೆಯಿಲ್ಲದ ಹಾಗೆ. ಇನ್ನೊಂದು ಗೋಲು ಸಾಕು. ಹೊಡೆಯಲು ಬಂದವರು ರಾಜ್‌ಕುಮಾರ್ ಪಾಲ್, ಇದೇ ಮೊದಲ ಒಲಿಂಪಿಕ್ಸ್. ಆಮೇಲಿನ ಕೂಗಿಗೆ ಮಳೆಯ ಸದ್ದೂ ಕೇಳಿಸಲಿಲ್ಲ. 4–2.

ಮಾವ ಅಳಿಯನನ್ನು ತಬ್ಬಿಕೊಂಡು ಕುಣಿಯುತ್ತಿದ್ದಾರೆ. ಚೊಂಬು ಉರುಳಿ ಫೋನು ನೀರಲ್ಲಿ. ಅತ್ತೆ ಸೆರಗಿನಿಂದ ಅದನ್ನು ಒರೆಸುತ್ತ ಬೈಯುತ್ತಿದ್ದಾರೆ, ಬೈಗುಳದ ನಡುವೆ ನಗುತ್ತಿದ್ದಾರೆ. ಎದುರುಮನೆಯವರು ಜಗಲಿಗೆ ಬಂದು ಮಳೆಯಲ್ಲೇ ಕೈಬೀಸಿದರು.

ಕಾಫಿ ಬಂದಿತು. ಗದ್ದಲ ಇಳಿದ ಮೇಲೆ ಅಳಿಯ ಹಳೆಯ ಹಟಕ್ಕೆ ಮರಳಿದ, ಸ್ವಲ್ಪ ಮೆತ್ತಗೆ. "ಏನೇ ಅನ್ನಿ ಸರ್, ಶೂಟೌಟ್‌ನಲ್ಲಿ ಅವನು ತಡೆದಿದ್ದು ಒಂದೇ."

"ಎರಡು" ಎಂದಳು ಹುಡುಗಿ, ಮೇಷ್ಟ್ರಿಗಿಂತ ಮೊದಲೇ.

"ವಿಲಿಯಮ್ಸನ್‌ದು ಹೊರಗೆ ಹೋಯ್ತಲ್ಲಮ್ಮ."

"ಯಾಕೆ ಹೊರಗೆ ಹೋಯ್ತು ಅಣ್ಣ?"

ಅಳಿಯ ಕಾಫಿ ಲೋಟ ತಿರುಗಿಸುತ್ತ ಕೂತ. "ಸರಿ, ಒಂದೂವರೆ" ಎಂದ ಕೊನೆಗೆ. ಎಲ್ಲರೂ ನಕ್ಕರು. "ಆದರೆ ವಾನಾಶ್ ಪಕ್ಕ ಕೂರಿಸೋಕೆ ನಾನಿನ್ನೂ ತಯಾರಿಲ್ಲ. ವಿಶ್ವಕಪ್ ವಿಶ್ವಕಪ್ಪೇ."

"ಕೂರಿಸಬೇಡ" ಎಂದರು ಮೇಷ್ಟ್ರು. "ವಾನಾಶ್ ಮುಂದೆ ಬೆಲ್ಜಿಯಂ ಇತ್ತು. ಇವನ ಮುಂದೆ ಇವತ್ತು ಒಬ್ಬ ಕಡಿಮೆ ಇದ್ದ. ಅಷ್ಟು ನೆನಪಿಟ್ಟುಕೊಂಡು ಎಷ್ಟು ಬೇಕಾದ್ರೂ ಜಗಳ ಆಡು."

"ಮಂಗಳವಾರ ಸೆಮಿಫೈನಲ್. ರೋಹಿದಾಸ್‌ನ ಆಡಿಸಲ್ಲ ಅಂದ್ರೆ ಏನು ಗತಿ?" ಮಾವನಿಗೆ ಆಗಲೇ ಮುಂದಿನ ಚಿಂತೆ.

"ಗೋಲಿ ಇದಾನಲ್ಲ" ಎಂದ ಅಳಿಯ. ಬಾಯಿಂದ ಬಂದ ಮೇಲೆ ತಾನೇನು ಹೇಳಿದೆನೆಂದು ಹೊಳೆದು, ಕೋಣೆಯ ನಗು ಎದ್ದೇಳುವ ಮೊದಲೇ ಕೈ ಅಡ್ಡ ಹಿಡಿದ. "ಇದು ಒಪ್ಪಿಗೆ ಅಲ್ಲ, ಹೇಳ್ಬಿಟ್ಟಿದೀನಿ!"